ಕ್ರಿಕೆಟ್ ಬಿಳಿ ಬಟ್ಟೆ ಮೇಲೆ ಕೆಮ್ಮಣ್ಣು, ಹುಲ್ಲು, ಚೆಂಡಿನ ಕಲೆ: ಬ್ಲೀಚ್ ಹಾಕಿದ ಮೇಲೆ ಇನ್ನೂ ಕೆಟ್ಟಿದೆ, ಈಗೇನು ಮಾಡೋದು?

ಪ್ರಶ್ನೆ: ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನ ಕ್ರಿಕೆಟ್ ಬಿಳಿ ಬಟ್ಟೆ ಬಗ್ಗೆ ಕೇಳಬೇಕಿತ್ತು. ಪ್ಯಾಂಟು ಪೂರ್ತಿ ಪಾಲಿಯೆಸ್ಟರ್. ಶರ್ಟಿನ ಲೇಬಲ್‌ನಲ್ಲಿ 92 ಪಾಲಿಯೆಸ್ಟರ್, 8 ಎಲಾಸ್ಟೇನ್ ಅಂತ ಇದೆ. ಪ್ಯಾಂಟಿನ ಪಕ್ಕದಲ್ಲಿ ಕಡು ನೀಲಿ ಪಟ್ಟಿ, ಶರ್ಟಿನ ಬೆನ್ನಿಗೆ ಅಂಟಿಸಿದ ನಂಬರು. ಆಡೋ ಮೈದಾನ ಕೆಮ್ಮಣ್ಣಿನದು, ಬೌಂಡರಿ ಕಡೆ ಸ್ವಲ್ಪ ಹುಲ್ಲು.

ಕಲೆಗಳು ಹೀಗಿವೆ. ಎರಡೂ ಮಂಡಿ ಹತ್ತಿರ ಕೆಮ್ಮಣ್ಣು, ಅದರೊಳಗೇ ಹಸಿರು. ಬಲ ತೊಡೆ ಮೇಲೆ ಚೆಂಡು ಉಜ್ಜಿ ಉಜ್ಜಿ ಅಂಗೈ ಅಗಲ ಕೆಂಪು. ಶರ್ಟಿನ ಕಾಲರ್ ಒಳಗೆ ಹಳದಿ ಇತ್ತು, ಈಗ ಕಿತ್ತಳೆ ಬಣ್ಣಕ್ಕೆ ತಿರುಗಿದೆ.

ಇಷ್ಟರತನಕ ಮಾಡಿದ್ದು: ಮಣ್ಣು ಹಸಿ ಇರುವಾಗಲೇ ಬಾರ್ ಸೋಪು ಹಚ್ಚಿ ಬ್ರಷ್‌ನಲ್ಲಿ ಉಜ್ಜಿದೆ. ಹೋಗಲಿಲ್ಲ. ಬಿಳಿ ಬಟ್ಟೆಗೆ ಹಾಕೋ ಬ್ಲೀಚ್ ಒಂದು ಮುಚ್ಚಳ ಅರ್ಧ ಬಕೆಟ್‌ಗೆ ಹಾಕಿ ಒಂದು ಗಂಟೆ ನೆನೆಸಿದೆ. ಮಂಡಿ ಹಾಗೇ ಉಳೀತು, ಕಾಲರ್ ಇನ್ನೂ ಗಾಢವಾಯ್ತು. ಮರೆಮಾಚೋಣ ಅಂತ ನೀಲಿ ಹಾಕಿದೆ, ಈಗ ಅಲ್ಲಲ್ಲಿ ನೀಲಿ ಮಚ್ಚೆ ಬೇರೆ. ನಮ್ಮದು ಬೋರ್‌ವೆಲ್ ನೀರು, ಸೆಮಿ ಆಟೋಮ್ಯಾಟಿಕ್ ಮಷಿನ್. ಅಳತೆ ಸಮೇತ ಹೇಳಿದರೆ ತುಂಬಾ ಉಪಕಾರ.

ಉತ್ತರ: ಬಣ್ಣದ ತೊಟ್ಟಿ

ಮೇಡಂ, ಮೊದಲು ಆ ಬ್ಲೀಚ್ ಬಾಟಲಿ ಎತ್ತಿಡಿ. ನಿಮ್ಮ ಕಲೆಗಳಲ್ಲಿ ಒಂದಕ್ಕೂ ಅದು ಮದ್ದಲ್ಲ.

ಕೆಮ್ಮಣ್ಣು ಕೆಂಪಗಿರೋದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ, ಅಂದರೆ ತುಕ್ಕಿನ ಜಾತಿಯ ವಸ್ತು. ಬ್ಲೀಚ್ ಕೆಲಸ ಮಾಡೋದು ಬಣ್ಣವನ್ನು ಆಕ್ಸಿಡೈಸ್ ಮಾಡಿ, ಅಂದರೆ ಆಮ್ಲಜನಕ ಸೇರಿಸಿ, ಮುರಿಯುವುದರಿಂದ. ತುಕ್ಕು ಮೊದಲೇ ಆಕ್ಸಿಡೈಸ್ ಆಗಿ ಕೂತಿರುವಂಥದ್ದು, ಅದನ್ನು ಇನ್ನೆಷ್ಟು ಮಾಡಿದರೂ ಬಣ್ಣ ಕಳೆಯಲ್ಲ. ಅದರ ಮೇಲೆ ಬ್ಲೀಚ್ ಎಲಾಸ್ಟೇನ್ ಎಳೆಯನ್ನು ಹಳದಿ ಮಾಡುತ್ತದೆ, ಅದರ ಹಿಗ್ಗುವ ಗುಣವನ್ನೂ ತಿನ್ನುತ್ತದೆ. ಹಾಗೆ ಎಳೆಯೇ ಹಳದಿಯಾದರೆ ಅದು ವಾಪಸ್ ಬರಲ್ಲ, ಇದನ್ನು ಮುಚ್ಚಿಡದೆ ಹೇಳಬೇಕು. ಪ್ಯಾಂಟಿನಲ್ಲಿ ಎಲಾಸ್ಟೇನ್ ಇಲ್ಲದ್ದು ಒಳ್ಳೇದಾಯ್ತು.

ಮುಂದೆ ಹೇಳುವುದರಲ್ಲಿ ಆಮ್ಲ ಬರುತ್ತದೆ. ಬಟ್ಟೆಯಲ್ಲಿ ಬ್ಲೀಚ್ ಉಳಿದಿದ್ದು ಅದಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಹಾಗಾಗಿ ಇವತ್ತು ಬರೀ ನೀರಿನಲ್ಲಿ ನಾಲ್ಕೈದು ಸಲ ಜಾಲಿಸಿ, ಒಣಗಿಸಿ, ಮೂಗಿಗೆ ಹಿಡಿದು ನೋಡಿ. ಬ್ಲೀಚ್ ವಾಸನೆ ಒಂದಿಷ್ಟೂ ಇರಬಾರದು. ಆಮೇಲೆ ಶುರು ಮಾಡಿ.

ಇನ್ನು ಮಣ್ಣು. ಹಸಿ ಮಣ್ಣಿಗೆ ಸೋಪು ಹಚ್ಚಿ ಉಜ್ಜಿದ್ದೇ ಮೊದಲ ತಪ್ಪು. ಕ್ರೀಡಾ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಭೂತಗನ್ನಡಿಯಲ್ಲಿ ನೋಡಿದರೆ ಸಾಲು ಸಾಲು ಕುಣಿಕೆ, ನಡುವೆ ತಗ್ಗು. ಸೋಪು, ಮಣ್ಣು, ನೀರು ಮೂರೂ ಸೇರಿ ಸಾಣೆ ಹಿಡಿಯುವ ಲೇಪದಂತಾಗಿ, ಬ್ರಷ್ ಆಡಿಸಿದಷ್ಟೂ ಕಣಗಳು ಆ ತಗ್ಗಿನೊಳಗೆ ಇಳಿಯುತ್ತವೆ. ಒಗೆಯೋ ಕಲ್ಲಿನ ಮೇಲೆ ಕುಕ್ಕಿದರೂ ಇದೇ ಕಥೆ, ಜೊತೆಗೆ ಎಳೆ ಕಿತ್ತು ಜುಂಗು ಏಳುತ್ತದೆ.

ಮುಂದಿನ ಪಂದ್ಯದಿಂದ ಹೀಗೆ ಮಾಡಿ. ಬಟ್ಟೆಯನ್ನು ಕಿಟ್ ಬ್ಯಾಗಿನಲ್ಲಿ ಮುದುರಿ ಇಡದೆ ಹರವಿ, ಮಣ್ಣು ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಚೆನ್ನಾಗಿ ಕೊಡವಿ, ಒಣ ನೈಲಾನ್ ಬ್ರಷ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ. ಮುಕ್ಕಾಲು ಮಣ್ಣು ಇಲ್ಲೇ ಹೋಗುತ್ತದೆ. ನಂತರ ಪ್ಯಾಂಟನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ, ಮಂಡಿ ಭಾಗವನ್ನು ಜೋರಾಗಿ ಬಿಟ್ಟ ನಲ್ಲಿ ಕೆಳಗೆ ಹಿಡಿಯಿರಿ. ನೀರು ಒಳಗಿನಿಂದ ಹೊರಕ್ಕೆ ನುಗ್ಗಿ, ಮಣ್ಣು ಬಂದ ದಾರಿಯಲ್ಲೇ ಆಚೆ ಹೋಗುತ್ತದೆ. ಇಳಿಯುವ ನೀರು ತಿಳಿಯಾಗುವವರೆಗೆ ಸೋಪಿನ ಮಾತು ಬೇಡ.

ಆಮೇಲೆ ಎಂಜೈಮ್, ಅಂದರೆ ಪ್ರೋಟೀನಿನಂಥ ಕೊಳೆಯನ್ನು ಒಡೆಯುವ ವಸ್ತು, ಇರುವ ಡಿಟರ್ಜೆಂಟ್ (ಪೊಟ್ಟಣದ ಹಿಂದೆ ಬರೆದಿರುತ್ತಾರೆ) ಒಂದು ದೊಡ್ಡ ಚಮಚ, ನಾಲ್ಕು ಲೀಟರ್ ಉಗುರುಬೆಚ್ಚಗಿನ ನೀರು, ಒಂದು ಗಂಟೆ ನೆನೆಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ನಲ್ಲಿ ನೀರು ಬೆರೆಸಿ, ಹೆಚ್ಚೂಕಡಿಮೆ 40 ಡಿಗ್ರಿ ಆಗುತ್ತದೆ. 60 ದಾಟಿದರೆ ಎಂಜೈಮ್ ಸಾಯುತ್ತದೆ. ನೀರು ಕೆಂಪಾದ ಕೂಡಲೇ ಬದಲಿಸಿ. ರಾತ್ರಿಯೆಲ್ಲ ಅದೇ ನೀರಿನಲ್ಲಿ ಬಿಟ್ಟರೆ ಬಿಟ್ಟುಹೋದ ಮಣ್ಣು ತಿರುಗಿ ಬಟ್ಟೆಗೇ ಕೂರುತ್ತದೆ, ಇಡೀ ಪ್ಯಾಂಟು ಮಾಸಲು ಕೇಸರಿ ಛಾಯೆಗೆ ಬರುತ್ತದೆ.

ಇಷ್ಟಾದ ಮೇಲೂ ಉಳಿಯುವ ಕೆಂಪು ಛಾಯೆಗೆ ಆಮ್ಲ ಬೇಕು. ಸೌಮ್ಯವಾದದ್ದು ಸಿಟ್ರಿಕ್ ಆಮ್ಲ, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದೆ. ಎರಡು ದೊಡ್ಡ ಚಮಚ, ಒಂದು ಲೀಟರ್ ಬಿಸಿ ನೀರು, ಎರಡು ಗಂಟೆ. ಹೊಸ ಕಲೆಗೆ ಸಾಕಾಗಬಹುದು. ನಿಮ್ಮದರಂತೆ ಹಳತಾಗಿ ಕೂತ ಕಲೆಗೆ ಆಕ್ಸಾಲಿಕ್ ಆಮ್ಲವೇ ಬೇಕು. ಮೊಸಾಯಿಕ್, ಮಾರ್ಬಲ್ ನೆಲ ಪಾಲಿಶ್ ಮಾಡೋರು ಬಳಸುವ ಬಿಳಿ ಪುಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಇದು ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ.

ಅಳತೆ: ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಮಟ್ಟಸವಾಗಿ, ಸುಮಾರು 5 ಗ್ರಾಂ. ಪ್ಲಾಸ್ಟಿಕ್ ಮಗ್ಗೇ ಆಗಬೇಕು. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಬೇಡ. ಇಡೀ ಪ್ಯಾಂಟು ಮುಳುಗಿಸೋದೂ ಬೇಡ. ಮಂಡಿ ಭಾಗವನ್ನು ಗಂಟಿನಂತೆ ಕೂಡಿಸಿ, ಅದರ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಅಷ್ಟನ್ನು ಮಾತ್ರ ಮಗ್ಗಿನಲ್ಲಿ ಅದ್ದಿಡಿ. ಹದಿನೈದು ನಿಮಿಷಕ್ಕೆ ಎತ್ತಿ ನೋಡಿ. ಕಬ್ಬಿಣ ಇಳಿಯುತ್ತಿದ್ದರೆ ನೀರು ತಿಳಿ ಹಳದಿ ಹಸಿರಿಗೆ ತಿರುಗುತ್ತದೆ. ಹೆಚ್ಚೆಂದರೆ ಅರ್ಧ ಗಂಟೆ, ಬೇಕಾದರೆ ಹೊಸ ದ್ರಾವಣದಲ್ಲಿ ಇನ್ನೊಂದು ಸಲ. ನಂತರ ಮೂರು ನೀರಿನಲ್ಲಿ ಜಾಲಿಸಿ, ನಾಲ್ಕನೆಯ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಟ್ಟು ಹಿಂಡಿ.

ನಿಮ್ಮ ಮನೆಯ ಮಟ್ಟಿಗೆ ಇನ್ನೊಂದು ಮಾತು. ಬೋರ್‌ವೆಲ್ ಗಡಸು ನೀರಿನ ಸುಣ್ಣದಂಶದ ಜೊತೆ ಆಕ್ಸಾಲಿಕ್ ಸೇರಿದರೆ ಕರಗದ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ. ಆಮ್ಲದ ಒಂದಿಷ್ಟು ಶಕ್ತಿ ಅಲ್ಲೇ ಪೋಲು, ಬಟ್ಟೆಗೂ ಆ ಪುಡಿ ಮೆತ್ತುತ್ತದೆ. ಈ ಒಂದು ಲೀಟರಿಗೆ ಮಾತ್ರ ಕುಡಿಯೋ ಫಿಲ್ಟರ್ ನೀರು ಬಳಸಿ.

ಆಕ್ಸಾಲಿಕ್ ಹೊಟ್ಟೆಗೆ ಹೋದರೆ ವಿಷ, ಮೂತ್ರಪಿಂಡಕ್ಕೆ ಪೆಟ್ಟು. ಕೈಗವಸು ಹಾಕಿ, ಪುಡಿ ಹಾರದಂತೆ ನೀರಿಗೆ ನಿಧಾನವಾಗಿ ಸುರಿಯಿರಿ. ಆ ಮಗ್ಗು, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆದು ಎತ್ತರದಲ್ಲಿಡಿ. ನೋಡೋಕೆ ಸಕ್ಕರೆ, ಉಪ್ಪಿನ ಹಾಗೇ ಇರುತ್ತದೆ.

ಉತ್ತರ: ಕಿಟ್ ಬ್ಯಾಗ್

ಮೇಲಿನವರು ಮಣ್ಣಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದರೆ ಮಂಡಿಯಲ್ಲಿ ಹಸಿರೂ ಇದೆ ಅಂದಿದ್ದೀರಲ್ಲ, ಅದನ್ನು ಆಮ್ಲಕ್ಕಿಂತ ಮುಂಚೆ ತೆಗೆಯಲೇಬೇಕು. ಹುಲ್ಲಿನ ಹಸಿರಿಗೆ, ಅಂದರೆ ಕ್ಲೋರೊಫಿಲ್‌ಗೆ, ಆಮ್ಲ ತಾಗಿದರೆ ಅದರೊಳಗಿನ ಮೆಗ್ನೀಷಿಯಂ ಕಳಚಿಕೊಂಡು ಕಂದು ಹಸಿರಾಗುತ್ತದೆ. ಹುಣಸೆ ಹುಳಿ ಬಿದ್ದ ಮೇಲೆ ಸೊಪ್ಪಿನ ಸಾರಿನ ಹಸಿರು ಮಂಕಾಗೋದಿಲ್ಲವೇ, ಅದೇ ಇದು. ಆಮೇಲೆ ಅದು ಹುಲ್ಲೋ ಮಣ್ಣೋ ಅಂತ ಗುರುತೇ ಸಿಗಲ್ಲ, ಮದ್ದು ಯಾವುದು ಅಂತಲೂ ತಿಳಿಯಲ್ಲ. ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹಾಕಿ ಅನ್ನೋ ಮನೆಮದ್ದು ತುಕ್ಕಿಗೆ ಸರಿ, ಹುಲ್ಲಿಗೆ ಬೇಡ.

ಕ್ಲೋರೊಫಿಲ್ ನೀರಿಗೆ ಕರಗಲ್ಲ, ಸ್ಪಿರಿಟ್‌ಗೆ ಕರಗುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ 100 ಮಿಲಿ ಬಾಟಲಿ ತನ್ನಿ. ಪ್ಯಾಂಟು ಒಣಗಿರಬೇಕು, ಮಣ್ಣು ಕೊಡವಿರಬೇಕು. ಕಲೆ ಕೆಳಮುಖವಾಗುವಂತೆ ಹಳೇ ಬಿಳಿ ಪಂಚೆ ತುಂಡಿನ ಮೇಲೆ ಇಟ್ಟು, ಹಿಂಬದಿಯಿಂದ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒತ್ತಿ. ಉಜ್ಜಬೇಡಿ, ಒತ್ತಿ. ಹಸಿರು ಕೆಳಗಿನ ಪಂಚೆಗೆ ಇಳಿಯೋದು ಕಣ್ಣಿಗೇ ಕಾಣುತ್ತದೆ. ಪಂಚೆಯ ಜಾಗ ಬದಲಿಸುತ್ತಾ ಹೋಗಿ, ಇಲ್ಲದಿದ್ದರೆ ಇಳಿದ ಬಣ್ಣ ಮತ್ತೆ ಮೇಲೇರುತ್ತದೆ. ಕಲೆಯ ಅಂಚಿನಿಂದ ನಡುವಿನ ಕಡೆಗೆ ಬನ್ನಿ. ನಡುವಿನಿಂದ ಶುರು ಮಾಡಿದರೆ ಬಣ್ಣ ಹರಡಿ ಉಂಗುರ ಬೀಳುತ್ತದೆ. ಹಸಿರು ಇಳಿಯೋದು ನಿಂತ ಮೇಲೆ ಎಂಜೈಮ್ ನೀರಿಗೆ ಹಾಕಿ. ಹುಲ್ಲಿನ ರಸದ ಪ್ರೋಟೀನ್ ಅಂಶ ಅಲ್ಲಿ ಕರಗುತ್ತದೆ. ಅದೂ ಆದ ಮೇಲೆ ಆಕ್ಸಾಲಿಕ್.

ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೇವರ ದೀಪ ಇರುವ ಜಾಗದಲ್ಲಿ ಬೇಡ, ಕಿಟಕಿ ತೆಗೆದಿಡಿ. ಅಂಟಿಸಿದ ನಂಬರಿಗೆ ತಾಗಿಸಬೇಡಿ, ಅಂಚು ಮೇಲೆದ್ದು ಸುಲಿಯುತ್ತದೆ. ನೈಲ್ ಪಾಲಿಶ್ ತೆಗೆಯೋ ದ್ರವ ಇನ್ನೂ ಕೆಟ್ಟದ್ದು, ಪ್ರಿಂಟನ್ನೇ ಕರಗಿಸುತ್ತದೆ.

ತೊಡೆ ಮೇಲಿನ ಚೆಂಡಿನ ಕಲೆ ಬೇರೆ ಜಾತಿ. ಅದು ಬರೀ ಬಣ್ಣವಲ್ಲ. ಚೆಂಡಿನ ಚರ್ಮಕ್ಕೆ ಬಣ್ಣದ ಜೊತೆ ಗ್ರೀಸು, ಮೇಲೆ ಹೊಳಪಿನ ಪದರ ಇರುತ್ತದೆ. ಬೌಲರ್ ಬೆವರು ಹಚ್ಚಿ ಉಜ್ಜಿದಾಗ ಶಾಖಕ್ಕೆ ಗ್ರೀಸು ಮೆತ್ತಗಾಗಿ, ಬಣ್ಣವನ್ನೂ ಕರೆದುಕೊಂಡು ಬಟ್ಟೆಗೆ ಇಳಿಯುತ್ತದೆ. (ಎಂಜಲು ಹಚ್ಚೋದನ್ನು ಐಸಿಸಿ 2020ರಲ್ಲಿ ತಡೆದು, 2022ರಲ್ಲಿ ಶಾಶ್ವತವಾಗಿ ನಿಷೇಧಿಸಿತು. ಹಾಗಾಗಿ ಈಗ ಬೆವರಿನ ಕೆಲಸವೇ ಜಾಸ್ತಿ.) ಮೇಲಿನ ಜಿಡ್ಡು ತೆಗೆಯದೆ ನೀರು, ಸೋಪು ಏನು ಹಾಕಿದರೂ ಬಣ್ಣದವರೆಗೆ ಮುಟ್ಟಲ್ಲ.

ಹಾಗಾಗಿ ಒಣ ಬಟ್ಟೆಯ ಮೇಲೇ, ನೀರು ಸೋಕಿಸದೆ, ಪಾತ್ರೆ ತೊಳೆಯೋ ಲಿಕ್ವಿಡ್ ಅರ್ಧ ಟೀ ಚಮಚ ಹಾಕಿ ಬೆರಳಿನಿಂದ ಹರಡಿ ಹದಿನೈದು ನಿಮಿಷ ಬಿಡಿ. ಮೊದಲೇ ನೀರು ಹಾಕಿದರೆ ಲಿಕ್ವಿಡ್ ತೆಳುವಾಗಿ ಜಿಡ್ಡಿಗೆ ಹಿಡಿತ ಸಿಗಲ್ಲ. ಆಮೇಲೆ ಮೆತ್ತನೆ ಹಳೇ ಟೂತ್‌ಬ್ರಷ್‌ನಲ್ಲಿ ಸಣ್ಣಗೆ ಆಡಿಸಿ, 40 ಡಿಗ್ರಿ ನೀರಿನಲ್ಲಿ ಹಿಂಬದಿಯಿಂದ ತೊಳೆಯಿರಿ. ನೀರು ಮುಟ್ಟಿದಾಗ ಅಲ್ಲಿ ಮುತ್ತಿನಂತೆ ಹನಿಗಟ್ಟಿ ನಿಂತರೆ ಜಿಡ್ಡು ಇನ್ನೂ ಇದೆ ಅಂತ, ಇನ್ನೊಂದು ಸಲ ಮಾಡಿ. ನೀರು ತಕ್ಷಣ ಹೀರಿಕೊಂಡರೆ ಜಿಡ್ಡು ಹೋಯ್ತು. ಒಣಗಿಸಿ, ಹುಲ್ಲಿಗೆ ಹೇಳಿದ ಹಾಗೇ ಸ್ಪಿರಿಟ್ ಒತ್ತಿ. ಗುಲಾಬಿ ಛಾಯೆ ಉಳಿಯುತ್ತದೆ, ಅದಕ್ಕೆ ಹೆದರಬೇಡಿ.

ಆ ಉಳಿದ ಗುಲಾಬಿಗೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್. ವ್ಯಾನಿಶ್ ಥರದ ಪುಡಿಗಳಲ್ಲಿ ಇರೋದು ಇದೇ. ಹೆಸರಲ್ಲಿ ಬ್ಲೀಚ್ ಇದ್ದರೂ ಕ್ಲೋರಿನ್ ಇಲ್ಲ. ನಾಲ್ಕು ಲೀಟರ್ ನೀರಿಗೆ ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ. ತಣ್ಣೀರಲ್ಲಿ ಇದು ಮಲಗಿರುತ್ತದೆ, ನೀರು ಬಿಸಿಯಾದಷ್ಟೂ ಚುರುಕಾಗುತ್ತದೆ. ಪ್ಯಾಂಟಿಗೆ ಅರ್ಧ ಕುದಿಯುವ ನೀರು, ಅರ್ಧ ನಲ್ಲಿ ನೀರು ಸೇರಿಸಿದರೆ 60ರ ಹತ್ತಿರ ಬರುತ್ತದೆ. ಆದರೆ ನಿಮ್ಮ ಪ್ಯಾಂಟಿಗೆ ಕಡು ನೀಲಿ ಪಟ್ಟಿ ಇದೆ, ಅದು ಬಿಸಿಗೆ ಬಣ್ಣ ಬಿಟ್ಟು ಪಕ್ಕದ ಬಿಳಿಗೆ ಹತ್ತಬಹುದು. ಮೊದಲು ಪಟ್ಟಿಯ ಒಳ ಅಂಚನ್ನು ಆ ನೀರಲ್ಲಿ ಒದ್ದೆ ಮಾಡಿ, ಬಿಳಿ ಟಿಶ್ಯೂ ಒತ್ತಿ ಹತ್ತು ನಿಮಿಷ ಬಿಡಿ. ಟಿಶ್ಯೂ ನೀಲಿಯಾದರೆ 40ಕ್ಕೇ ನಿಲ್ಲಿಸಿ, ಸಮಯ ಜಾಸ್ತಿ ಕೊಡಿ, ನಾಲ್ಕೈದು ಗಂಟೆ ಆದರೂ ಪರವಾಗಿಲ್ಲ. ಶರ್ಟಿಗೆ ಎಲಾಸ್ಟೇನ್ ಇರೋದರಿಂದ 40 ದಾಟಿಸಲೇಬೇಡಿ. ಕಲಸಿದ ದ್ರಾವಣವನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿಡಬೇಡಿ, ಗ್ಯಾಸ್ ಕಟ್ಟಿ ಸಿಡಿಯುತ್ತದೆ.

ಚೆಂಡಿನ ಕಲೆ ಪಾಲಿಯೆಸ್ಟರ್ ಪ್ಯಾಂಟಿಂದ ಬಿಡುತ್ತದೆ, ಅದೇ ಉಣ್ಣೆ ಸ್ವೆಟರಿಗೋ ನೈಲಾನ್ ಬಟ್ಟೆಗೋ ಹತ್ತಿದರೆ ಕಷ್ಟ. ಚರ್ಮಕ್ಕೆ ಹಿಡಿಯುವ ಬಣ್ಣ ಉಣ್ಣೆಗೂ ನೈಲಾನಿಗೂ ಹಾಗೇ ಹಿಡಿಯುತ್ತದೆ. ಉಣ್ಣೆಗೆ ಪರ್‌ಕಾರ್ಬೊನೇಟೂ ಹಾಕುವಂತಿಲ್ಲ, ಅದರ ಕ್ಷಾರಕ್ಕೆ ಎಳೆ ಹಾಳಾಗುತ್ತದೆ.

ಉತ್ತರ: ಬಣ್ಣದ ತೊಟ್ಟಿ

ಕಿಟ್ ಬ್ಯಾಗ್ ಅವರೇ, ಹುಲ್ಲಿನ ಸರದಿ ಬಗ್ಗೆ ಹೇಳಿದ್ದು ಒಳ್ಳೇದಾಯ್ತು, ನಾನು ಬಿಟ್ಟಿದ್ದೆ. ಅದಕ್ಕೆ ಸೇರಿಸುವುದು ಒಂದಿದೆ. ಪರ್‌ಕಾರ್ಬೊನೇಟ್ ಯಾವತ್ತೂ ಆಕ್ಸಾಲಿಕ್ ಆದ ಮೇಲೇ ಬರಬೇಕು, ಮೊದಲು ಬರಬಾರದು. ಬಟ್ಟೆಯಲ್ಲಿ ಕಬ್ಬಿಣ ಉಳಿದಿದ್ದರೆ ಅದು, ಪರ್‌ಕಾರ್ಬೊನೇಟ್ ನೀರಲ್ಲಿ ಬಿಡುವ ಪೆರಾಕ್ಸೈಡನ್ನು ಒಂದೇ ಜಾಗದಲ್ಲಿ ಭರದಿಂದ ಒಡೆಯುತ್ತದೆ. ಪಾಲಿಯೆಸ್ಟರ್ ತಡೆದುಕೊಳ್ಳುತ್ತದೆ. ಹತ್ತಿ ಬಟ್ಟೆಯಾದರೆ ತುಕ್ಕಿನ ಚುಕ್ಕೆ ಇದ್ದಲ್ಲೇ ಎಳೆ ಸವೆದು, ಎರಡು ಮೂರು ಒಗೆತಕ್ಕೆ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ಹತ್ತಿಯ ಬಿಳಿ ಬಟ್ಟೆ ಇರುವವರು ಇದನ್ನು ಮರೆಯಬೇಡಿ. ಹಾಗೆಯೇ ಆಕ್ಸಾಲಿಕ್ ಸರಿಯಾಗಿ ಜಾಲಿಸದೆ ಹತ್ತಿ ಬಟ್ಟೆ ಒಣಗಿಸಿ ಇಸ್ತ್ರಿ ಮಾಡಿದರೂ ಎಳೆ ಪುಡಿಯಾಗುತ್ತದೆ. ಅಡುಗೆ ಸೋಡಾ ನೀರು ಅಂದಿದ್ದು ಆ ಕಾರಣಕ್ಕೆ.

ನೀಲಿ ಮಚ್ಚೆ ಚಿಂತೆ ಬೇಡ. ಬಿಸಿ ನೀರು, ಡಿಟರ್ಜೆಂಟಿನಲ್ಲಿ ಎರಡು ಮೂರು ಒಗೆತಕ್ಕೆ ಇಳಿಯುತ್ತದೆ. ನೀಲಿ ಕಲೆ ತೆಗೆಯೋ ವಸ್ತುವಲ್ಲ, ಹಳದಿಯ ಮೇಲೆ ನೀಲಿ ಹೊದಿಸಿ ಕಣ್ಣಿಗೆ ಬಿಳಿ ಕಾಣಿಸುವಂಥದ್ದು. ಹತ್ತಿ ಪಂಚೆ, ಬನಿಯನ್‌ಗೆ ಚಂದ. ಪಾಲಿಯೆಸ್ಟರ್‌ಗೆ ಸಮನಾಗಿ ಹಿಡಿಯಲ್ಲ, ಕಲೆ ಇರುವ ಒರಟು ಜಾಗದಲ್ಲೇ ಹೆಚ್ಚು ಕೂರುತ್ತದೆ.

ಪ್ರಶ್ನೆ: ತುಮಕೂರಿನ ಅಮ್ಮ

ಇಬ್ಬರಿಗೂ ಧನ್ಯವಾದ. ಅಂದರೆ ಮಂಡಿಗೆ ಸ್ಪಿರಿಟ್, ಎಂಜೈಮ್, ಆಕ್ಸಾಲಿಕ್, ಸೋಡಾ ನೀರು, ಕೊನೆಗೆ ಪರ್‌ಕಾರ್ಬೊನೇಟ್. ತೊಡೆಗೆ ಪಾತ್ರೆ ಲಿಕ್ವಿಡ್, ಸ್ಪಿರಿಟ್, ಪರ್‌ಕಾರ್ಬೊನೇಟ್. ಸರಿ ತಾನೇ? ಕಾಲರಿನ ಕಿತ್ತಳೆ ಬಗ್ಗೆ ಯಾರೂ ಹೇಳಲಿಲ್ಲ. ಬೆವರಿನ ಹಳದಿ ಅಂದುಕೊಂಡಿದ್ದೆ. ಆದರೆ ಕಂಕುಳಲ್ಲಿ ಅಷ್ಟಿಲ್ಲ, ಕಾಲರ್ ಮತ್ತು ತೋಳಿನ ಅಂಚಿನಲ್ಲೇ ಜಾಸ್ತಿ.

ಉತ್ತರ: ನೂಲಿನ ಗಂಟು

ಅಮ್ಮಾ, ಸರದಿ ಸರಿಯಾಗೇ ಬರೆದಿದ್ದೀರಿ. ಕಾಲರ್, ತೋಳಿನ ಅಂಚು ಅಂದಿರಲ್ಲ, ಅದು ಬೆವರಲ್ಲ. ಹುಡುಗ ಸನ್‌ಸ್ಕ್ರೀನ್ ಹಚ್ಚುತ್ತಾನಾ ನೋಡಿ. ಟ್ಯೂಬಿನ ಹಿಂದೆ ಅವೊಬೆಂಜೋನ್ ಅಥವಾ ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯಿಲ್ ಮೀಥೇನ್ ಅಂತ ಇದ್ದರೆ ಕಾರಣ ಸಿಕ್ಕಂತೆ. ಈ ವಸ್ತು ನೀರಿನ ಕಬ್ಬಿಣದ ಜೊತೆ ಸೇರಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕ್ರೀಮು ಹತ್ತಿದಾಗ ಬಟ್ಟೆ ಬೆಳ್ಳಗೇ ಇರುತ್ತದೆ, ಒಗೆದು ಒಣ ಹಾಕಿದ ಮೇಲೆ ಕಲೆ ಏಳುತ್ತದೆ. ಬ್ಲೀಚ್ ಹಾಕಿದರೆ ಇನ್ನೂ ಗಾಢ. ನಿಮಗೆ ಆಗಿದ್ದು ಸಾಕ್ಷಾತ್ ಇದೇ.

ನಿಮ್ಮ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇದೆಯಾ ಅಂತ ತಿಳಿಯೋದು ಸುಲಭ. ಬಿಳಿ ಬಕೆಟ್ ತುಂಬಿಸಿ ರಾತ್ರಿ ಹಾಗೇ ಬಿಡಿ. ಪಂಪ್ ಮಾಡಿದಾಗ ತಿಳಿಯಾಗಿದ್ದ ನೀರು ಬೆಳಗ್ಗೆ ಹಳದಿಗೆ ತಿರುಗಿ, ತಳದಲ್ಲಿ ಕಂದು ಬಣ್ಣದ ಗಸಿ ಕೂತಿದ್ದರೆ ಕಬ್ಬಿಣ ಇದೆ. ಇದ್ದರೆ ಬಿಳಿ ಬಟ್ಟೆಗೆ ಹಾಗೆ ರಾತ್ರಿಯಿಡೀ ನಿಲ್ಲಿಸಿ, ಮೇಲಿನ ತಿಳಿ ನೀರನ್ನು ಮಾತ್ರ ಬಳಸಿ. ನಗರಸಭೆ ನೀರು ಬರುವ ದಿನ ನೋಡಿಕೊಂಡು ಬಿಳಿ ಬಟ್ಟೆ ಒಗೆದರೆ ಇನ್ನೂ ಒಳ್ಳೇದು.

ತೆಗೆಯೋದು ಹೇಗೆ: ಕ್ರೀಮಿನಲ್ಲಿ ಎಣ್ಣೆ ಇರುತ್ತದೆ, ಹಾಗಾಗಿ ಮೊದಲು ಪಾತ್ರೆ ಲಿಕ್ವಿಡ್, ಒಣ ಕಾಲರಿಗೆ, ಇಪ್ಪತ್ತು ನಿಮಿಷ. ಬೆಚ್ಚಗಿನ ನೀರಲ್ಲಿ ತೊಳೆದು, ನಿಂಬೆ ಉಪ್ಪಿನ ದ್ರಾವಣದಲ್ಲಿ (ಲೀಟರಿಗೆ ಎರಡು ದೊಡ್ಡ ಚಮಚ) ಒಂದು ಗಂಟೆ. ಕಿತ್ತಳೆ ಮಾಸುತ್ತಾ ಬರಬೇಕು. ಬರದಿದ್ದರೆ ಆಕ್ಸಾಲಿಕ್, ಮೇಲೆ ಹೇಳಿದ ಅಳತೆಯಲ್ಲೇ, ಹತ್ತು ಹದಿನೈದು ನಿಮಿಷ ಮಾತ್ರ. ಎಲ್ಲ ಆಗಿಯೂ ಒಂದೇ ಸಮನಾದ ತಿಳಿ ಹಳದಿ ಉಳಿದರೆ ಅದು ಎಲಾಸ್ಟೇನಿಗೆ ಬ್ಲೀಚ್ ಮಾಡಿದ ಪೆಟ್ಟು. ಅಲ್ಲಿಗೆ ಬಿಟ್ಟುಬಿಡಿ, ಮತ್ತೆ ಮತ್ತೆ ರಾಸಾಯನಿಕ ಹಾಕಿ ಬಟ್ಟೆ ಸಾಯಿಸಬೇಡಿ.

ಸನ್‌ಸ್ಕ್ರೀನ್ ನಿಲ್ಲಿಸಬೇಡಿ, ಮಕ್ಕಳು ಬಿಸಿಲಲ್ಲಿ ಇಡೀ ದಿನ ನಿಲ್ಲುತ್ತಾರೆ. ಜಿಂಕ್ ಆಕ್ಸೈಡ್ ಮಾತ್ರ ಇರುವ ಕ್ರೀಮು ತನ್ನಿ. ಅದು ಬಿಳಿ ಗುರುತು ಬಿಡುತ್ತದೆ, ಅದು ಪಾತ್ರೆ ಲಿಕ್ವಿಡ್‌ಗೇ ಹೋಗುತ್ತದೆ. ಹಚ್ಚಿ ಹದಿನೈದು ನಿಮಿಷ ಬಿಟ್ಟು ಶರ್ಟು ಹಾಕಿಕೊಳ್ಳಲಿ.

ಕಂಕುಳದ ಹಳದಿ ಇದ್ದವರಿಗೆ: ಅಲ್ಲಿ ಬೆವರು ತಡೆಯುವ ರೋಲ್ ಆನ್‌ನ ಅಲ್ಯೂಮಿನಿಯಂ ಲವಣ ಬೆವರಿನ ಪ್ರೋಟೀನ್ ಜೊತೆ ಸೇರಿ ಗಟ್ಟಿ ಪದರ ಆಗಿರುತ್ತದೆ, ಬೆರಳಿಗೆ ಪೊರೆಯಂತೆ ಸಿಗುತ್ತದೆ. ನಿಂಬೆ ಉಪ್ಪಿನ ನೀರು ಅರ್ಧ ಗಂಟೆ, ಆಮೇಲೆ ಎಂಜೈಮ್ ನೀರು ಒಂದು ಗಂಟೆ, ಕೊನೆಗೆ ಪರ್‌ಕಾರ್ಬೊನೇಟ್.

ಉತ್ತರ: ಎರಿ ಹೊಲ

ತುಮಕೂರು ಕಡಿ ಕೆಂಪು ಮಣ್ಣಿಗೆ ಮ್ಯಾಲೆ ಹೇಳಿದ್ದು ಬರೋಬ್ಬರಿ ಐತ್ರಿ. ಆದ್ರ ಗದಗ, ವಿಜಯಪುರ ಕಡಿ ಎರಿ ಮಣ್ಣಿನ ಮೈದಾನದಾಗ ಆಡೋರು ಇದನ್ನ ಓದಿ ಆಕ್ಸಾಲಿಕ್ ತರಾಕ ಹೋಗಬ್ಯಾಡ್ರಿ. ಎರಿ ಮಣ್ಣಿನ ಕಪ್ಪು ತುಕ್ಕಿಂದಲ್ಲ, ಆಮ್ಲಕ್ಕ ಅದು ಜಗ್ಗಂಗಿಲ್ಲ. ಈ ಮಣ್ಣು ಭಾಳ ನುಣುಪು, ನೀರು ಕುಡದ್ರ ಉಬ್ಬತೈತಿ, ಅಂಟಾಕ್ಕೈತಿ. ಹಸಿ ಇದ್ದಾಗ ಮುಟ್ಟಿದ್ರ ಬೆಣ್ಣಿ ಸವರಿದಂಗ ಹರಡತೈತಿ.

ಒಂದು ಪೂರಾ ದಿನ ಒಣಗಸ್ರಿ, ಬಿರುಕು ಬಿಡಬೇಕು. ಕೈಯಾಗ ತಿಕ್ಕಿ ಪುಡಿ ಮಾಡಿ ಝಾಡಸ್ರಿ. ಆಮ್ಯಾಲೆ ಬರೇ ತಣ್ಣೀರಾಗ ಹದಿನೈದು ನಿಮಿಷ ನೆನಿ ಹಾಕಿ ನೀರು ಚೆಲ್ರಿ, ಹಿಂಗ ಮೂರು ನಾಕು ಸಲ. ಕಡೀಕ ಡಿಟರ್ಜೆಂಟ್ ಜೋಡಿ ನಾಕು ಲೀಟರಿಗೆ ಒಂದು ಟೀ ಚಮಚ ಒಗಿಯೋ ಸೋಡಾ ಹಾಕ್ರಿ. ಗಡಸು ನೀರಿನಾಗ ಮಣ್ಣಿನ ಕಣ ಒಂದಕ್ಕೊಂದು ಕೂಡಿ ಗಂಟಾಗಿ ಬಟ್ಟಿ ಮ್ಯಾಲೆನ ಕುಂದ್ರತಾವ. ಸೋಡಾ ನೀರನ್ನ ಮೆದು ಮಾಡತೈತಿ, ಕಣ ಬಿಡಿ ಬಿಡಿ ಆಗಿ ನೀರಾಗ ತೇಲತಾವ, ಚೆಲ್ಲಿದ್ರ ಹೋಗಿಬಿಡತಾವ. ತಡಾ ಮಾಡದ ಹಿಂಡ್ರಿ. ನೀರು ಕೆಳಗ ತಿಳಿಯಾಗಾಕ ಬಿಟ್ರ ಮಣ್ಣು ತಿರಗಿ ಬಟ್ಟಿ ಮ್ಯಾಲೆ ಇಳಿತೈತಿ.

ಕಬಡ್ಡಿ ಆಡೋರ ಬಣ್ಣದ ಜರ್ಸಿಗೂ ಇದ ನಡೀತೈತಿ. ಅದಕ್ಕ ಪರ್‌ಕಾರ್ಬೊನೇಟ್ ಹಾಕೋದಾದ್ರ ಒಳಗಿನ ಮಡಿಕಿಗೆ ಹಚ್ಚಿ ಹತ್ತು ನಿಮಿಷ ನೋಡಿ ಹಾಕ್ರಿ, 30 ಡಿಗ್ರಿ ನೀರು, ಅರ್ಧ ತಾಸು ಸಾಕು. ಮಂಡಿ ತರಚಿ ರಕ್ತ ಹತ್ತಿದ್ರ ಬಿಸಿನೀರು ಮುಟ್ಟಸಬ್ಯಾಡ್ರಿ, ತತ್ತಿ ಬೆಂದಂಗ ಗಟ್ಟಿ ಆಗಿ ಕುಂದ್ರತೈತಿ. ತಣ್ಣೀರು, ಆಮ್ಯಾಲೆ ಎಂಜೈಮ್ ಪುಡಿ.

ಪ್ರಶ್ನೆ: ತುಮಕೂರಿನ ಅಮ್ಮ

ಸನ್‌ಸ್ಕ್ರೀನ್ ಟ್ಯೂಬ್ ನೋಡಿದೆ, ಆ ಉದ್ದ ಹೆಸರೇ ಇದೆ. ಬಕೆಟ್ ತಳದಲ್ಲಿ ಕಂದು ಗಸಿಯೂ ಕೂತಿದೆ. ಇನ್ನೆರಡು ಸಂದೇಹ. ಸುವಾಸನೆಗೆ ಕೊನೆಯಲ್ಲಿ ಹಾಕುವ ಫ್ಯಾಬ್ರಿಕ್ ಕಂಡೀಷನರ್ ಹಾಕಬಹುದಾ? ಎಷ್ಟು ಒಗೆದರೂ ಶರ್ಟು ಹಾಕಿದ ಅರ್ಧ ಗಂಟೆಗೆ ಬೆವರು ನಾತ ಬರುತ್ತದೆ. ಮತ್ತೆ, ಬಿಸಿಲಿಗೆ ಒಣ ಹಾಕಬೇಕಾ, ನೆರಳಿಗಾ?

ಉತ್ತರ: ನೂಲಿನ ಗಂಟು

ಕಂಡೀಷನರ್ ಬೇಡ. ಅದು ಎಳೆಯ ಮೇಲೆ ಜಿಡ್ಡಿನ ತೆಳು ಪದರ ಬಿಡುತ್ತದೆ. ಬೆವರನ್ನು ಹೀರಿ ಹೊರಗೆ ತಳ್ಳುವ ಬಟ್ಟೆ ಆ ಕೆಲಸ ನಿಲ್ಲಿಸುತ್ತದೆ, ಮೈಗೆ ಅಂಟಿಕೊಳ್ಳುತ್ತದೆ. ನಾತದ ಮೂಲವೂ ಜಿಡ್ಡೇ. ಪಾಲಿಯೆಸ್ಟರ್ ನೀರನ್ನು ಒಲ್ಲದು, ಎಣ್ಣೆಯನ್ನು ಬಿಡದು. ಮೈಯೆಣ್ಣೆ ಎಳೆಗೆ ಹತ್ತಿ ಅಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಮೈ ಶಾಖ ತಾಗಿದ ಕೂಡಲೇ ವಾಸನೆ ಏಳುತ್ತದೆ. ವಾರಕ್ಕೊಮ್ಮೆ ಶರ್ಟನ್ನು ಒಳಮೈ ಹೊರಗೆ ಮಾಡಿ, 40 ಡಿಗ್ರಿ ನೀರಿಗೆ ಪರ್‌ಕಾರ್ಬೊನೇಟ್ ಹಾಕಿ ಒಂದು ಗಂಟೆ ನೆನೆಸಿ. ಡಿಟರ್ಜೆಂಟ್ ಜಾಸ್ತಿ ಸುರಿಯಬೇಡಿ. ಜಾಲಿಸಿದರೂ ಹೋಗದ ಸೋಪಿನ ಅಂಟಿಗೇ ಮುಂದಿನ ಕೊಳೆ ಹತ್ತೋದು. ಕೊನೆಯ ಸಲ ಜಾಲಿಸುವಾಗ ಒಂದು ಬಕೆಟ್ ನೀರಿಗೆ ಒಂದು ಟೀ ಚಮಚ ನಿಂಬೆ ಉಪ್ಪು ಹಾಕಿದರೆ ಗಡಸು ನೀರಿನ ಬಿಳಿ ಲೇಪ, ಸೋಪಿನ ಅಂಟು ಎರಡೂ ಹೋಗುತ್ತವೆ. ಕಂಡೀಷನರ್ ಕೊಡುವ ಮೆತ್ತನೆ ಗುಣ ಅದರಿಂದಲೇ ಸಿಗುತ್ತದೆ.

ಒಣಗಿಸೋಕೆ ಗಾಳಿ ಆಡುವ ನೆರಳು. ಬಿಳಿ ಪಾಲಿಯೆಸ್ಟರ್ ಹೊಳೆಯೋದು ಅದರಲ್ಲಿ ಸೇರಿಸಿರುವ ಬೆಳಗುವ ವಸ್ತುವಿನಿಂದ, ದಿನಾ ಸುಡು ಬಿಸಿಲು ಬಿದ್ದರೆ ಅದು ಸತ್ತು ಬಟ್ಟೆ ಮಾಸಲಾಗುತ್ತದೆ. ಬಿಸಿಲಿಗೇ ಹಾಕಬೇಕಾಗಿ ಬಂದರೆ ಒಳಮೈ ಹೊರಗಿರಲಿ. ಕಬ್ಬಿಣದ ತಂತಿಯ ಮೇಲೆ ಹಾಕಬೇಡಿ, ತುಕ್ಕಿನ ಗೆರೆ ಬಿದ್ದರೆ ಮತ್ತೆ ಆಕ್ಸಾಲಿಕ್ ಹುಡುಕಬೇಕು. ನೈಲಾನ್ ಹಗ್ಗ ಸಾಕು.

ಉತ್ತರ: ಕಿಟ್ ಬ್ಯಾಗ್

ಇಸ್ತ್ರಿಗೆ ಮುಂಚೆ ಒಂದು ಸಲ ನೋಡಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ತಿಳಿ ಗುಲಾಬಿ, ತಿಳಿ ಹಳದಿ ಕಣ್ಣಿಗೆ ಸಿಗಲ್ಲ. ಪೂರ್ತಿ ಒಣಗಿದ ಮೇಲೆ ಪ್ಯಾಂಟಿನೊಳಗೆ ಬಿಳಿ ಹಾಳೆ ಇಟ್ಟು, ಕಿಟಕಿ ಬೆಳಕಿಗೆ ಮಂಡಿ ಭಾಗ ಹಿಡಿಯಿರಿ. ಛಾಯೆ ಇದ್ದರೆ ಇಸ್ತ್ರಿ ಮುಟ್ಟಿಸದೆ ಆ ಒಂದು ಹಂತವನ್ನು ಮಾತ್ರ ಮತ್ತೆ ಮಾಡಿ: ಕೆಂಪಾದರೆ ಆಕ್ಸಾಲಿಕ್, ಗುಲಾಬಿಯಾದರೆ ಪರ್‌ಕಾರ್ಬೊನೇಟ್. ಛಾಯೆ ಇಲ್ಲದಿದ್ದರೂ ಇಸ್ತ್ರಿ ಪೆಟ್ಟಿಗೆ ಸಿಂಥೆಟಿಕ್ ಗುರುತಿನಲ್ಲೇ ಇರಲಿ, ನಂಬರಿನ ಮೇಲೆ ನೇರ ಬೇಡ, ಮಧ್ಯೆ ಹತ್ತಿ ಬಟ್ಟೆ ಹಾಕಿ.